ಬಾಣಂತಿ ಜ್ವರದ ಪಾಠ

ಸಾತವ್ವ ಘಟಪ್ರಭಾದ ದವಾಖಾನೆಯಲ್ಲಿ ಹೆರಿಗೆ ವಾರ್ಡಿನ ನರ್ಸ್ ಆಗಿ ಒಂಬತ್ತು ವರ್ಷ ದುಡಿದಳು. ಕುಲಗೋಡದ ಕೇರಿಯಿಂದ ಹೋಗಿ ನರ್ಸ್ ಕಲಿತವಳು ಅವಳೊಬ್ಬಳೇ. ಮಾತು ಕಡಿಮೆ. ನೋವು ತಿನ್ನುತ್ತಿದ್ದ ಹೆಂಗಸಿನ ಸೊಂಟಕ್ಕೆ ಅಂಗೈ ಒತ್ತಿ ಹಿಡಿದು ಸುಮ್ಮನೆ ನಿಂತುಬಿಡುವಳು. ಅಷ್ಟಕ್ಕೇ ಆ ಹೆಂಗಸು ಚೀರುವುದನ್ನು ಬಿಟ್ಟು ಉಸಿರೆಳೆದುಕೊಳ್ಳುವಳು. ಹೊಸದಾಗಿ ಬಂದ ಕೆಲವರು ಮೊದಲ ದಿನ ಇವಳ ಕುಲ ಯಾವುದೆಂದು ಆಯಾಳ ಕಿವಿಯಲ್ಲಿ ಕೇಳಿ, ಕೊಟ್ಟ ನೀರನ್ನು ಕುಡಿಯದೆ ಇಡುತ್ತಿದ್ದರು. ಮೂರನೆಯ ದಿನಕ್ಕೆ ಅವರೇ ಸಾತವ್ವಬಾಯಿ ಎಲ್ಲಿ ಎಂದು ಬಾಗಿಲ ಕಡೆ ಕತ್ತು ಹೊರಳಿಸಿ ಮಲಗಿರುತ್ತಿದ್ದರು.

ಈ ಕೈಯ ಗುಣ ಅವಳಿಗೆ ಬಂದದ್ದು ತಾಯಿ ಉದ್ದವ್ವನಿಂದ. ಉದ್ದವ್ವ ಕುಲಗೋಡಕ್ಕೆಲ್ಲ ಸೂಲಗಿತ್ತಿ. ಗೌಡರ ಓಣಿ, ಕುರುಬರ ಓಣಿ, ಕೇರಿ, ಎಲ್ಲಿ ಬೇನೆ ಎದ್ದರೂ ಅವಳಿಗೇ ಕರೆ. ದೊಡ್ಡ ಮನೆಗಳಲ್ಲಿ ಹಿತ್ತಲ ಬಾಗಿಲಿನಿಂದ ಒಳಗೆ ಹೋಗಿ, ಕೂಸನ್ನು ಅಜ್ಜಿಯ ಉಡಿಯಲ್ಲಿ ಹಾಕಿ, ಅದೇ ಬಾಗಿಲಿನಿಂದ ಹೊರಗೆ ಬರುವಳು. ಅವಳ ಹಿಂದೆಯೇ ಸೆಗಣಿ ನೀರು ಹಾಕಿ ನೆಲ ಸಾರಿಸುತ್ತಿದ್ದರು. ಅದನ್ನು ಅವಳು ಮನಸ್ಸಿಗೆ ಹಚ್ಚಿಕೊಂಡವಳಲ್ಲ. ಗಂಡ ದುರ್ಗಪ್ಪ ತೀರಿಕೊಂಡ ಮೇಲೆ ಹಿರಿಯ ಮಗಳನ್ನು ಹೊಲಕ್ಕೆ ಕಳಿಸು ಎಂದು ಮಂದಿ ಹೇಳಿದಾಗ ಮಾತ್ರ ಯಾರ ಮಾತನ್ನೂ ಕೇಳದೆ ಸಾಲಿಗೆ ಕಳಿಸಿದಳು. ಸಾತವ್ವ ಬೆಳಗಾವಿಯಲ್ಲಿ ಕಲಿತು ಬಿಳಿ ಸೀರೆ ಉಟ್ಟು ಮೊದಲ ಸಲ ಊರಿಗೆ ಬಂದ ದಿನ, ಉದ್ದವ್ವ ಮಗಳನ್ನು ಬಸ್ಸಿನಿಂದ ಮನೆಯವರೆಗೆ ಹತ್ತಿರದ ದಾರಿ ಬಿಟ್ಟು ಊರೆಲ್ಲ ಸುತ್ತು ಹಾಕಿಸಿ ಕರೆದುಕೊಂಡು ಹೋಗಿದ್ದಳು.

ಸಾತವ್ವ ಮದುವೆಯಾಗಲಿಲ್ಲ. ಅವಳಿಗಿಂತ ಎಂಟು ವರ್ಷ ಸಣ್ಣವಳಾದ ಸೀತವ್ವನನ್ನು ಊರಿನಲ್ಲೇ ಹೊಳೆಪ್ಪನೆಂಬವನಿಗೆ ಕೊಟ್ಟಿದ್ದರು. ಸಾವಿರದ ಒಂಬೈನೂರ ಐವತ್ತೈದರ ಶ್ರಾವಣದಲ್ಲಿ ಸೀತವ್ವ ಚೊಚ್ಚಿಲ ಹೆರಿಗೆಗೆ ತಾಯಿಯ ಮನೆಗೆ ಬಂದಳು. ದವಾಖಾನೆಗೆ ಕರೆದುಕೊಂಡು ಬಾ ಎಂದು ಸಾತವ್ವ ಹೇಳಿ ಕಳಿಸಿದರೆ, ಮನೆಯಲ್ಲಿ ನಾನಿರುವಾಗ ದವಾಖಾನೆ ಯಾಕೆ ಎಂದು ಉದ್ದವ್ವ ನಕ್ಕುಬಿಟ್ಟಳಂತೆ. ಹೆರಿಗೆ ಸುಸೂತ್ರವಾಯಿತು, ಹೆಣ್ಣು ಕೂಸು. ಮೂರನೆಯ ದಿನ ಚಳಿ ಬಂದು ಜ್ವರ ಏರಿತು. ಉದ್ದವ್ವ ತನಗೆ ತಿಳಿದ ಕಷಾಯವನ್ನೆಲ್ಲ ಕುಡಿಸಿದಳು, ಮೈ ಕಾಸಿದಳು. ಆರನೆಯ ದಿನ ಹೊಳೆಪ್ಪ ಘಟಪ್ರಭಾಕ್ಕೆ ಓಡಿ ಬಂದ.

ಸಾತವ್ವ ಹೋಗಿ ಕೌದಿ ಸರಿಸಿದಳು. ವಾಸನೆ ಬಡಿದೊಡನೆ ಅವಳಿಗೆ ಎಲ್ಲ ತಿಳಿಯಿತು. ವಾರ್ಡಿನಲ್ಲಿ ಆ ವಾಸನೆಯನ್ನು ಅವಳು ಎಷ್ಟು ಸಲ ಕಂಡಿದ್ದಳೋ. ತಂದಿದ್ದ ಸೂಜಿ ಹಾಕಿದಳು, ತಂಗಿಯನ್ನು ಚಕ್ಕಡಿಯಲ್ಲಿ ಮಲಗಿಸಿಕೊಂಡು ಹೊರಟಳು. ಅರ್ಧ ದಾರಿಯಲ್ಲಿ ಸೀತವ್ವ ಕೂಸಿಗೆ ಹಾಲು ಕುಡಿಸಬೇಕೆಂದು ಎದೆಯ ಮೇಲಿನ ಸೆರಗು ಹುಡುಕತೊಡಗಿದಳು. ಹುಡುಕುತ್ತ ಹುಡುಕುತ್ತ ಕೈ ನಿಂತಿತು.

ಮಣ್ಣು ಮಾಡಿ ಬಂದ ಮೇಲೆ ಉದ್ದವ್ವ ಒಂದೇ ಪ್ರಶ್ನೆ ಹಿಡಿದು ಕುಳಿತಳು. ಇಷ್ಟು ಚಂದ ಹೆತ್ತವಳಿಗೆ ಹೀಗೆ ಯಾಕಾಯಿತು? ನೀನು ಓದಿದವಳು, ಹೇಳು. ಸಾತವ್ವ ತಾಯಿಯ ಮುಖ ನೋಡಿದಳು. ಎರಡು ದಿನದಲ್ಲಿ ಆ ಮುಖ ಹತ್ತು ವರ್ಷ ಮುದಿಯಾಗಿತ್ತು. ನಿನ್ನ ಕೈಯಿಂದ ಹತ್ತಿದ ನಂಜು ಎಂದು ಹೇಳಲು ಅವಳ ನಾಲಗೆ ಏಳಲಿಲ್ಲ. “ಮೈಯಾಗ ರಕ್ತ ಕಡಿಮಿ ಇತ್ತು ಯವ್ವಾ, ತಡಕೊಳ್ಳಾಕ ಆಗಲಿಲ್ಲ,” ಎಂದಳು. ಉದ್ದವ್ವ ಆ ಮಾತನ್ನು ಕೈಗೆ ಕೊಟ್ಟ ಊರುಗೋಲಿನಂತೆ ಹಿಡಿದುಕೊಂಡಳು.

ಹೊಳೆಪ್ಪ ವರ್ಷ ತುಂಬುವುದರೊಳಗೆ ಬೇರೆ ಮದುವೆಯಾಗಿ ಊರು ಬಿಟ್ಟ. ಕೂಸಿಗೆ ಸಾವಿತ್ರಿ ಎಂದು ಹೆಸರಿಟ್ಟು ಉದ್ದವ್ವ ಆಡಿನ ಹಾಲು ಹಾಕಿ ಬೆಳೆಸಿದಳು. ಸಾತವ್ವ ರಜೆ ಸಿಕ್ಕ ಐತವಾರವೆಲ್ಲ ಬಸ್ಸು ಹಿಡಿದು ಕುಲಗೋಡಕ್ಕೆ ಹೋಗುವಳು, ತಾಯಿ ಬಡಿದ ರೊಟ್ಟಿ ಉಣ್ಣುವಳು, ಕೂಸನ್ನು ಆಡಿಸುವಳು, ಸಂಜೆಗೆ ಬರುವಳು. ಹೇಳಬೇಕಾದ ಮಾತು ದಿನ ಹೋದ ಹಾಗೆ ಇನ್ನಷ್ಟು ಕಷ್ಟವಾಗುತ್ತ ಹೋಯಿತು. ಅವ್ವ ಮುದುಕಿಯಾದಳು, ಇನ್ನೆಷ್ಟು ದಿನ ಈ ಕೆಲಸಕ್ಕೆ ಹೋದಾಳು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಅಷ್ಟರಲ್ಲಿ ಬೆಳಗಾವಿ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರಿಗೆ ಸೇರಿತ್ತು. ಹಳ್ಳಿಯ ಸೂಲಗಿತ್ತಿಯರಿಗೆ ತರಬೇತಿ ಕೊಡಬೇಕು, ಕನ್ನಡದಲ್ಲಿ ಕಲಿಸುವ ನರ್ಸ್ ಬೇಕು ಎಂದು ಆರ್ಡರ್ ಬಂತು. ದವಾಖಾನೆಯ ಡಾಕ್ಟರರು ಸಾತವ್ವನನ್ನು ಎರಡು ಸಲ ಕೇಳಿದರು, ಎರಡು ಸಲವೂ ಅವಳು ಒಲ್ಲೆ ಎಂದಳು. ವಾರ್ಡು ಬಿಟ್ಟರೆ ತನಗೆ ಬೇರೆ ಬದುಕು ಗೊತ್ತಿಲ್ಲವೆಂದಳು. ಆಮೇಲೊಂದು ದಿನ ಹುಕ್ಕೇರಿ ಕಡೆಯ ಹಳ್ಳಿಯಿಂದ ಒಬ್ಬ ಬಾಣಂತಿಯನ್ನು ಚಕ್ಕಡಿಯಲ್ಲಿ ಹಾಕಿಕೊಂಡು ತಂದರು. ಹದಿನೇಳು ವರ್ಷದ ಹುಡುಗಿ, ಅದೇ ಜ್ವರ, ಅದೇ ವಾಸನೆ. ಎರಡು ದಿನ ಸಾತವ್ವ ಅವಳ ಮಂಚ ಬಿಟ್ಟು ಅಲುಗಲಿಲ್ಲ. ಮೂರನೆಯ ದಿನ ಮುಂಜಾನೆ ಆ ಹುಡುಗಿಯ ಮುಖದ ಮೇಲೆ ಬಟ್ಟೆ ಎಳೆದು, ಕೈ ತೊಳೆದುಕೊಂಡು, ನೆಟ್ಟಗೆ ಡಾಕ್ಟರರ ಕೋಣೆಗೆ ಹೋದಳು. ಎಲ್ಲ ಕೆಟ್ಟ ಮೇಲೆ ಇವರು ನನ್ನ ಹತ್ತಿರ ಬರುತ್ತಾರೆ, ಕೆಡುವುದಕ್ಕಿಂತ ಮೊದಲೇ ನಾನು ಇವರ ಹತ್ತಿರ ಹೋಗಬೇಕು, ಆ ಕೆಲಸ ನನಗೇ ಕೊಡಿರಿ ಎಂದು ಕೇಳಿಕೊಂಡಳು.

ಮೊದಲ ತರಬೇತಿ ಯಮಕನಮರಡಿಯಲ್ಲಿ, ಸಾಲಿಯ ಒಂದು ಕೋಣೆಯಲ್ಲಿ ನಡೆಯಿತು. ಹನ್ನೆರಡು ದಿನ, ಹದಿನಾಲ್ಕು ಹೆಂಗಸರು. ಎಲ್ಲರೂ ಸಾತವ್ವನಿಗಿಂತ ಹಿರಿಯರು, ಯಾರಿಗೂ ಅಕ್ಷರ ಬಾರದು. ಸರಕಾರ ಕೊಟ್ಟ ಪುಸ್ತಕ ಮರಾಠಿಯದು. ಅದನ್ನು ಓದಿ ಕನ್ನಡದಲ್ಲಿ ಹೇಳಲು ಹೋಗಿ ಸಾತವ್ವ ತಡವರಿಸಿದಳು. ಕೈಗೆ ಬರುತ್ತಿದ್ದುದು ಬಾಯಿಗೆ ಬರಲಿಲ್ಲ. ನಾಲ್ಕನೆಯ ದಿನ ಪಾರವ್ವನೆಂಬ ಲಿಂಗವಂತರ ಮುದುಕಿ ಎದ್ದು ನಿಂತು, ಕಣ್ಣಿಗೆ ಕಾಣದ ಹುಳ ಕೈಯಲ್ಲಿ ಇರುತ್ತದೆಂದರೆ ನಂಬುವುದು ಹೇಗೆ ಎಂದು ಕೇಳಿದಳು.

ಮರುದಿನ ಸಾತವ್ವ ದೀಪದ ಮಸಿಯನ್ನು ಎಣ್ಣೆಯಲ್ಲಿ ಕಲಸಿ ತಂದಳು. ಎಲ್ಲರ ಕೈಗೂ ಹಚ್ಚಿಸಿ, ಕಣ್ಣಿಗೆ ಬಟ್ಟೆ ಕಟ್ಟಿ, ದಿನಾ ತೊಳೆಯುವ ಹಾಗೇ ತೊಳೆಯಿರಿ ಎಂದಳು. ಬಟ್ಟೆ ಬಿಚ್ಚಿದಾಗ ಉಗುರಿನ ಸಂದಿಯಲ್ಲಿ, ಬೆರಳಿನ ಗೆರೆಗಳಲ್ಲಿ, ಬಳೆಯ ಕೆಳಗೆ ಮಸಿ ಹಾಗೇ ಕುಳಿತಿತ್ತು. ಪಾರವ್ವ ತನ್ನ ಕೈಯನ್ನೇ ನೋಡುತ್ತ, ಕಣ್ಣಲ್ಲಿ ನೀರು ತಂದುಕೊಂಡು, ಒಂದೊಂದೇ ಹೆಸರು ಬಾಯಲ್ಲಿ ಹೇಳಿಕೊಳ್ಳತೊಡಗಿದಳು. ಯಾರ ಹೆಸರುಗಳೆಂದು ಸಾತವ್ವ ಕೇಳಲಿಲ್ಲ. ಅಂದು ಅವಳು ಕಲಿಸುವವಳಾದಳು. ಆದರೆ ಅವಳ ಎದೆಯಲ್ಲಿ ಒಂದು ಅಂಜಿಕೆ ಕೂಡ ಅಂದೇ ಹುಟ್ಟಿತು.

ಎರಡನೆಯ ತರಬೇತಿ ಮೂಡಲಗಿಯಲ್ಲಿ. ಹೆಸರಿನ ಪಟ್ಟಿ ಬಂದಾಗ ಒಂಬತ್ತನೆಯ ಹೆಸರು, ಕುಲಗೋಡದ ಉದ್ದವ್ವ ಕೋಂ ದುರ್ಗಪ್ಪ.

ಸಾತವ್ವ ಅಂದೇ ಊರಿಗೆ ಹೋದಳು. ನಿನಗೆ ವಯಸ್ಸಾಯಿತು, ದಿನಾ ಮೂಡಲಗಿಗೆ ಬಂದು ಹೋಗುವುದು ಆಗದು, ಸಾವಿತ್ರಿಯನ್ನು ಯಾರು ನೋಡುತ್ತಾರೆ ಎಂದು ನೂರು ನೆವ ಹೇಳಿದಳು. ಉದ್ದವ್ವ ಒಂದನ್ನೂ ಕೇಳಲಿಲ್ಲ. ಸಾವಿತ್ರಿಯನ್ನು ಬಾಜೂ ಮನೆಯಲ್ಲಿ ಬಿಟ್ಟು ಬರುವುದಾಗಿ ಹೇಳಿದಳು. “ಮಂದಿ ಎಲ್ಲಾರೂ ನಿನ್ನ ಸಾಲಿಗೆ ಬರಬೇಕು, ನಾ ಅಷ್ಟ ಬರಬಾರದೇನು? ನಿನ್ನ ಸಾಲಿಗೆ ಹಚ್ಚಿದಾಕಿ ನಾನು,” ಎಂದಳು. ಅವಳ ಮುಖದ ಮೇಲಿದ್ದ ಸಂತೋಷ ನೋಡಿ ಸಾತವ್ವ ಪಟ್ಟಿಯನ್ನು ಮಡಿಚಿ ಚೀಲಕ್ಕೆ ಹಾಕಿಕೊಂಡಳು.

ಹತ್ತು ದಿನ ಉದ್ದವ್ವ ಎಲ್ಲರಿಗಿಂತ ಮೊದಲು ಬಂದು ಮುಂದಿನ ಸಾಲಿನಲ್ಲಿ ಕುಳಿತಳು. ಮಗಳು ಒಂದು ಮಾತು ಹೇಳಿದರೆ ಹಿಂದೆ ಕುಳಿತವರ ಕಡೆ ತಿರುಗಿ, ಕೇಳಿದಿರಾ ಎಂಬಂತೆ ನೋಡುವಳು. ಹೊಟ್ಟೆ ಮುಟ್ಟಿ ಕೂಸಿನ ತಲೆ ಎಲ್ಲಿದೆಯೆಂದು ಹೇಳುವುದರಲ್ಲಿ ಅವಳ ಸಮಕ್ಕೆ ಯಾರೂ ಇರಲಿಲ್ಲ. ಡಾಕ್ಟರರೇ ಬಂದು ನೋಡಿ ತಲೆದೂಗಿದರು. ಕೈ ತೊಳೆಯುವ ಪಾಠವನ್ನೂ ಬಾಣಂತಿ ಜ್ವರದ ಪಾಠವನ್ನೂ ಸಾತವ್ವ ನಾಳೆ ನಾಳೆ ಎಂದು ಮುಂದಕ್ಕೆ ಹಾಕುತ್ತ ಹೋದಳು. ಹನ್ನೊಂದನೆಯ ದಿನ ಬೇರೆ ಪಾಠವೇ ಉಳಿದಿರಲಿಲ್ಲ. ಅದನ್ನು ಬಿಟ್ಟುಬಿಡೋಣವೆಂದು ಬರುವಾಗ ಬಸ್ಸಿನಲ್ಲಿ ಒಂದು ಸಲ ಅಂದುಕೊಂಡಳು. ಆ ಹದಿನೇಳು ವರ್ಷದ ಹುಡುಗಿಯ ಮುಖ ಕಣ್ಣ ಮುಂದೆ ಬಂತು. ಮಸಿ ಕಲಸಿದಳು.

ಬಟ್ಟೆ ಬಿಚ್ಚಿದ ಮೇಲೆ ಉದ್ದವ್ವ ತನ್ನ ಕೈಗಳನ್ನು ಮುಂದೆ ಚಾಚಿಕೊಂಡು ಕುಳಿತಳು. ಸಾತವ್ವ ಗೋಡೆಯ ಕಡೆ ನೋಡುತ್ತ ಪಾಠ ಹೇಳಿದಳು. ಒಂದು ಗಾಯ, ಒಂದು ಕುರ, ಒಂದು ಕೀವು ಮುಟ್ಟಿದ ಕೈ ಬಾಣಂತಿಯನ್ನು ಮುಟ್ಟಿದರೆ ನಂಜು ಅವಳ ಒಳಗೆ ಸೇರುತ್ತದೆ. ಎರಡನೆಯ ದಿನವೋ ಮೂರನೆಯ ದಿನವೋ ಚಳಿ ಬರುತ್ತದೆ, ಜ್ವರ ಏರುತ್ತದೆ, ಹೊಟ್ಟೆ ಉಬ್ಬುತ್ತದೆ, ಒಳಗಿನಿಂದ ಹೋಗುವ ನೆತ್ತರಿಗೆ ವಾಸನೆ ಬರುತ್ತದೆ.

ಉದ್ದವ್ವ ಕೇಳಿದಳು: “ರಕ್ತ ಕಡಿಮಿ ಇದ್ದಾಕಿಗೆ ಅಷ್ಟ ಬರತೈತೇನ್ರಿ ಅದು?”

ತರಗತಿಯಲ್ಲಿ ಎಲ್ಲರ ಹಾಗೆ ಅವಳೂ ಮಗಳಿಗೆ ‘ರಿ’ ಹಚ್ಚಿಯೇ ಮಾತಾಡುತ್ತಿದ್ದಳು. ಉಳಿದ ಹದಿಮೂರು ಹೆಂಗಸರು ಸಾತವ್ವನ ಮುಖ ನೋಡಿದರು.

“ಇಲ್ಲ,” ಎಂದಳು ಸಾತವ್ವ. “ರಕ್ತ ಇದ್ದಾಕಿಗೂ ಬರತೈತಿ.”

ಉದ್ದವ್ವ ತಲೆಯಾಡಿಸಿದಳು. ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಪಾಠ ಮುಗಿಯುವವರೆಗೂ ಅಲುಗದೆ ಕುಳಿತು, ಎಲ್ಲರೊಡನೆ ಎದ್ದು, ಮಗಳ ಕಡೆ ನೋಡದೆ ಹೋದಳು.

ಮರುದಿನ ಅವಳು ಬರಲಿಲ್ಲ. ಕೊನೆಯ ದಿನವೆಂದು ಎಲ್ಲರಿಗೂ ಕತ್ತರಿ, ದಾರ, ಸಾಬೂನು ಇದ್ದ ತಗಡಿನ ಪೆಟ್ಟಿಗೆ ಹಂಚಿದರು. ಒಂದು ಪೆಟ್ಟಿಗೆ ಉಳಿಯಿತು. ಸಾತವ್ವ ಅದನ್ನು ಬಗಲಲ್ಲಿ ಇಟ್ಟುಕೊಂಡು ಮಧ್ಯಾಹ್ನದ ಬಸ್ಸಿಗೆ ಕುಲಗೋಡಕ್ಕೆ ಹೋದಳು.

ಉದ್ದವ್ವ ಅಂಗಳದಲ್ಲಿ ಜೋಳ ಕೇರುತ್ತಿದ್ದಳು. ಸಾವಿತ್ರಿ ಆಡಿನ ಮರಿಯ ಹಿಂದೆ ಓಡುತ್ತಿತ್ತು. ಸಾತವ್ವ ಬಂದು ಎದುರಿಗೆ ಕುಳಿತರೂ ಮೊರದ ಸದ್ದು ನಿಲ್ಲಲಿಲ್ಲ. ಮೊರದಲ್ಲಿದ್ದ ಜೋಳ ಹಸನಾದ ಮೇಲೆ ಉದ್ದವ್ವ ಅದನ್ನು ಕೆಳಗಿಟ್ಟಳು. ಸೀತವ್ವ ಹೆತ್ತ ದಿನ ಮುಂಜಾನೆ ನಾನು ಓಣಿಯ ಶಂಕ್ರವ್ವನ ಮನೆಗೆ ಹೋಗಿದ್ದೆ, ಅವಳಿಗೆ ಎದೆಬಾವು ಆಗಿ ಕೀವು ತುಂಬಿತ್ತು, ಹಿಂಡಿ ತೆಗೆದು ತೊಳೆದು ಮನೆಗೆ ಬಂದೆ, ಬರುವಷ್ಟರಲ್ಲಿ ಸೀತವ್ವನಿಗೆ ಬೇನೆ ಎದ್ದಿತ್ತು, ಕೈ ತೊಳೆದಿದ್ದೆ, ಬರೀ ನೀರಿನಲ್ಲಿ ತೊಳೆದಿದ್ದೆ ಎಂದು, ಬೇರೆ ಯಾರದೋ ಸುದ್ದಿ ಹೇಳುವಂತೆ ಹೇಳಿದಳು. ಸಾತವ್ವನಿಗೆ ಇದು ಗೊತ್ತಿರಲಿಲ್ಲ. ನಂಜು ಕೈಯಿಂದ ಹತ್ತಿದ್ದು ಗೊತ್ತಿತ್ತು, ಎಲ್ಲಿಂದ ಬಂತೆಂಬುದು ಗೊತ್ತಿರಲಿಲ್ಲ.

“ನಿನಗ ಯಾವಾಗ ತಿಳೀತು?” ಎಂದು ಉದ್ದವ್ವ ಕೇಳಿದಳು.

“ಕೌದಿ ತಗದ ಕೂಡಲೆ.”

“ಹಂಗಾರ ಯಾಕ ಹೇಳಲಿಲ್ಲ?”

“ನೀ ತಡಕೊಳ್ಳಂಗಿಲ್ಲ ಅಂತ ಅಂಜಿದ್ನಿ ಯವ್ವಾ. ನೀ ಒಬ್ಬಾಕಿ ಉಳದಿದ್ದಿ ನನಗ.”

ಮಗಳು ಅಳತೊಡಗಿದ್ದಳು. ಉದ್ದವ್ವ ಅಳಲಿಲ್ಲ. ಅವಳ ಮಾತು ಸಣ್ಣದಾಯಿತು, ಅಷ್ಟೆ.

“ಮೂರು ವರ್ಷ ಆತು. ಈ ಮೂರು ವರ್ಷದಾಗ ನಾ ಎಷ್ಟು ಮನಿಗೆ ಹೋಗೇನಿ, ನಿನಗ ಗೊತ್ತೇನು ಸಾತಿ? ಮುರಿಗೆಪ್ಪನ ಸೊಸಿ ಯಲ್ಲವ್ವ ಸತ್ಲು. ಚಳಿ ಬಂದು ಜ್ವರ ಬಂದ ಸತ್ಲು. ಆಕಿಗೆ ರಕ್ತ ಕಡಿಮಿ ಆಗಬಾರದಂತ ನಾಲ್ಕು ತಿಂಗಳ ನಾನ ರಾಜಗಿರಿ ಪಲ್ಯ ಕೊಯ್ದು ಕೊಟ್ಟು ಬರತಿದ್ನಿ. ನೀ ಹೇಳಿದ್ದಿಲ್ಲ, ರಕ್ತ ಕಡಿಮಿ ಅಂತ? ಹೋದ ವರ್ಷ ಪರಸಪ್ಪನ ಹೇಣ್ತಿ. ಆಕೀನೂ ಹಂಗ ಹೋದ್ಲು.”

ಸಾತವ್ವನ ಅಳು ತಟ್ಟನೆ ನಿಂತಿತು. ಈ ಮೂರು ವರ್ಷ ತಾನು ತಾಯಿಯ ಮೇಲೆ ಕರುಣೆ ತೋರಿಸುತ್ತಿದ್ದೇನೆ ಎಂದುಕೊಂಡಿದ್ದಳು. ಐತವಾರ ಐತವಾರ ಬಂದು ರೊಟ್ಟಿ ಉಂಡು ಹೋಗುವಾಗ ಇದೇ ಊರಿನ ಬೇರೆ ಮನೆಗಳಲ್ಲಿ ಹೆಂಗಸರು ಬಸುರಿಯರಿದ್ದರು. ಅವರ ವಿಚಾರ ಅವಳ ತಲೆಯಲ್ಲಿ ಒಂದು ಸಲವೂ ಬಂದಿರಲಿಲ್ಲ, ಸತ್ತ ಸುದ್ದಿ ಕಿವಿಗೆ ಬಿದ್ದಾಗಲೂ ಯಾವುದರಿಂದ ಎಂದು ಕೇಳಿರಲಿಲ್ಲ. ಹುಕ್ಕೇರಿಯ ಗುರುತಿಲ್ಲದ ಹುಡುಗಿಗಾಗಿ ವಾರ್ಡು ಬಿಟ್ಟು ಬಂದವಳು, ತನ್ನ ಊರಿನ ಇಬ್ಬರನ್ನು ಬಾಯಿ ಮುಚ್ಚಿಕೊಂಡು ಮಣ್ಣಿಗೆ ಕಳಿಸಿದ್ದಳು.

“ಸೀತಿ ಹೋಗಿದ್ದು ನನ್ನ ಕೈಯಿಂದ,” ಎಂದಳು ಉದ್ದವ್ವ. “ನನಗ ತಿಳಿದಿದ್ದಿಲ್ಲ. ಇವರಿಬ್ಬರದು ಹಂಗಲ್ಲ. ನಿನಗ ತಿಳಿದಿತ್ತು.”

ಉದ್ದವ್ವ ಎದ್ದು ಪೆಟ್ಟಿಗೆ ತೆಗೆದುಕೊಂಡು ಒಳಗೆ ಇಟ್ಟಳು. ಬಂದು ಮತ್ತೆ ಮೊರ ಹಿಡಿದಳು. ಮಗಳಿಗೆ ಉಣ್ಣಲು ಹೇಳಲಿಲ್ಲ. ಅವಳು ಹುಟ್ಟಿದಾಗಿನಿಂದ ಅದೇ ಮೊದಲು.

ಮುಂದಿನ ವಾರ ಸಾತವ್ವ ಪರಸಪ್ಪನನ್ನು ಹುಡುಕಿಕೊಂಡು ಹೋದಳು. ಹೋಗು ಎಂದು ಯಾರೂ ಹೇಳಿರಲಿಲ್ಲ. ಯಾರಿಗಾದರೂ ಹೇಳದಿದ್ದರೆ ಇನ್ನೊಂದು ತರಗತಿಯಲ್ಲಿ ನಿಲ್ಲಲು ತನ್ನಿಂದ ಆಗದು ಎನ್ನಿಸಿತ್ತು. ಅವನು ಕಬ್ಬಿನ ಗದ್ದೆಗೆ ನೀರು ತಿರುವುತ್ತಿದ್ದ. ಬದುವಿನ ಮೇಲೆ ನಿಂತುಕೊಂಡೇ ಅವಳು ಎಲ್ಲ ಹೇಳಿದಳು. ತಾಯಿಯದು ಕಡಿಮೆ ಹೇಳಿ, ತನ್ನದು ಹೆಚ್ಚು ಹೇಳಿದಳು. ಅವನು ಸಲಿಕೆಯ ಕಾವಿನ ಮೇಲೆ ಗದ್ದವೂರಿ ಕೇಳಿದ. ಬೈಯುತ್ತಾನೆ ಎಂದುಕೊಂಡಿದ್ದಳು. ಬೈದರೆ ಹಗುರಾಗುತ್ತಿತ್ತೋ ಏನೋ.

“ಹಂಗಾರ ಆಕಿ ಉಳೀತಿದ್ಲೇನ್ರಿ?” ಎಂದು ಅವನು ಕೇಳಿದ.

“ಉಳೀಬಹುದಿತ್ತು.”

ಪರಸಪ್ಪ ಹರಿಯುವ ನೀರನ್ನು ನೋಡಿದ. “ಆಕಿ ಆಯುಷ್ಯ ಅಷ್ಟ ಇತ್ತು ಅಂತ ತಿಳಕೊಂಡು ನಾ ಊಟಾ ಮಾಡತಿದ್ನಿ, ಮಲಗತಿದ್ನಿ. ನಿಮ್ಮ ಎದಿ ಹಗುರ ಮಾಡಕೊಳ್ಳಾಕ ಬಂದ್ರಿ ಬಾಯಾರ. ನಾ ಇದನ್ನ ತಗೊಂಡು ಎಲ್ಲಿ ಹೋಗ್ಲಿ?”

ಅವನು ಅದನ್ನು ಊರಿನಲ್ಲಿ ಯಾರಿಗೂ ಹೇಳಲಿಲ್ಲ. ಸಾತವ್ವ ಮುರಿಗೆಪ್ಪನ ಮನೆಗೆ ಹೋಗಲಿಲ್ಲ. ಹೋಗದೆ ಇದ್ದದ್ದು ಸರಿಯೋ ತಪ್ಪೋ ಅವಳಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಉದ್ದವ್ವ ಕೆಲಸ ಬಿಡಲಿಲ್ಲ. ಬಿಟ್ಟಾಳೆಂದು ಸಾತವ್ವ ತಿಳಿದಿದ್ದಳು. ಮುದುಕಿ ಉಗುರುಗಳನ್ನು ಬೇರಿನವರೆಗೆ ಕತ್ತರಿಸಿದಳು, ಕೈಯಲ್ಲಿದ್ದ ಕಡಗ ತೆಗೆದಿಟ್ಟಳು, ಹಿಟ್ಟಿನ ಗಡಿಗೆಯಷ್ಟೇ ಜೋಪಾನವಾಗಿ ಸಾಬೂನು ಇಟ್ಟುಕೊಂಡಳು, ಕುದಿಯುವ ನೀರು ತಯಾರಾಗುವವರೆಗೆ ಗೌಡರ ಮನೆಯಲ್ಲೂ ಒಳಗೆ ಕಾಲಿಡಲಿಲ್ಲ. ಮುಂದಿನ ಎಂಟು ವರ್ಷ ಕುಲಗೋಡದಲ್ಲಿ ಅವಳು ಹೆರಿಗೆ ಮಾಡಿಸಿದ ಒಬ್ಬ ಬಾಣಂತಿಯೂ ಜ್ವರದಿಂದ ಸಾಯಲಿಲ್ಲ. ಡಾಕ್ಟರರು ಅವಳ ಹೆಸರನ್ನು ಮೇಲಕ್ಕೆ ಬರೆದು ಕಳಿಸಿದರು. ತರಬೇತಿಯ ಫಲಕ್ಕೆ ಉದ್ದವ್ವನೇ ಸಾಕ್ಷಿ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಸಾತವ್ವ ಅದನ್ನು ಕೇಳಿ ತಲೆ ತಗ್ಗಿಸುವಳು.

ಅವಳು ಐತವಾರಕ್ಕೆ ಹೋಗುವುದನ್ನು ಬಿಡಲಿಲ್ಲ. ಉದ್ದವ್ವ ರೊಟ್ಟಿ ಬಡಿಯುವಳು, ಬಡಿಸುವಳು, ಬೇಕೇ ಎಂದು ಕೇಳುವಳು. ಆದರೆ ಮಗಳ ಮುಂದೆ ಕುಳಿತು ಊರ ಸುದ್ದಿ ಹೇಳುವುದು, ತಲೆ ಬಾಚುವುದು, ಹೋಗುವಾಗ ಬಸ್ಸಿನವರೆಗೆ ಬರುವುದು, ಇದೆಲ್ಲ ನಿಂತುಹೋಯಿತು. ಒಂದು ಸಲ ಮಾತ್ರ, ಸಾವಿತ್ರಿ ಸಾಲಿಗೆ ಸೇರಿದ ವರ್ಷ, ತಾನಾಗಿಯೇ ಬಾಯಿ ಬಿಟ್ಟಳು. ಆ ಹುಡುಗಿ ಎಂದಾದರೂ ಕೇಳಿದರೆ ಸುಳ್ಳು ಹೇಳಬೇಡ, ನನಗೆ ಹೇಳಿದಂತಹ ಸುಳ್ಳನ್ನು ಅವಳಿಗೆ ಹೇಳಬೇಡ ಎಂದಳು.

ಅರವತ್ತಾರರಲ್ಲಿ ಉದ್ದವ್ವ ತೀರಿಕೊಂಡಾಗ ಸಾತವ್ವ ಹುಕ್ಕೇರಿಯಲ್ಲಿ ಇಪ್ಪತ್ತು ಹೆಂಗಸರ ಮುಂದೆ ನಿಂತಿದ್ದಳು. ಯಾರಾರದೋ ತಾಯಂದಿರ ಬಾಯಿಗೆ ಕೊನೆಯ ನೀರು ಬಿಟ್ಟವಳಿಗೆ ತನ್ನ ತಾಯಿಗೆ ಬಿಡುವುದು ಆಗಲಿಲ್ಲ. ಮಣ್ಣಿಗೆ ಊರಿಗೆ ಊರೇ ಬಂದಿತ್ತು. ಉದ್ದವ್ವ ಒಳಗೆ ಕಾಲಿಟ್ಟರೆ ನೆಲ ಸಾರಿಸುತ್ತಿದ್ದ ಮನೆಗಳ ಹೆಂಗಸರು ಕೇರಿಯ ಬಾಯಿಯವರೆಗೆ ಬಂದು ನಿಂತು ಅತ್ತರು. ಪರಸಪ್ಪ ಕೂಡ ಬಂದಿದ್ದ. ಒಂದು ಮುಷ್ಟಿ ಮಣ್ಣು ಹಾಕಿ, ಸಾತವ್ವನನ್ನು ಮಾತಾಡಿಸದೆ ಹೋದ.

ಸಾತವ್ವ ಸಾವಿತ್ರಿಯನ್ನು ಹುಕ್ಕೇರಿಯಲ್ಲಿದ್ದ ತನ್ನ ಬಾಡಿಗೆ ಮನೆಗೆ ಕರೆದುಕೊಂಡು ಬಂದಳು. ಹನ್ನೊಂದು ವರ್ಷದ ಹುಡುಗಿ, ತಾನು ಆಯಿ ಎಂದು ಕರೆಯುತ್ತಿದ್ದ ಅಜ್ಜಿಯನ್ನು ನೆನೆದು ಸೊರಗಿಹೋಗಿತ್ತು. ಬೇಸಗೆಯ ಸೂಟಿಯಲ್ಲಿ ಒಬ್ಬಳನ್ನೇ ಮನೆಯಲ್ಲಿ ಬಿಡಲಾರದೆ ತರಗತಿಗೆ ಕರೆದೊಯ್ದಳು. ಈಗೀಗ ಸಾತವ್ವ ಬಾಣಂತಿ ಜ್ವರದ ಪಾಠವನ್ನು ಮೊದಲ ದಿನವೇ ಮುಗಿಸುತ್ತಿದ್ದಳು. ಹುಡುಗಿ ಹಿಂದಿನ ಗೋಡೆಗೆ ಆತು ಕುಳಿತು ಎಲ್ಲವನ್ನೂ ಕೇಳಿತು. ಸಂಜೆ ಮನೆಗೆ ಬಂದು ಒಲೆಯ ಮುಂದೆ ಕುಳಿತಾಗ ಕೇಳಿತು.

“ದೊಡ್ಡವ್ವಾ, ನಮ್ಮವ್ವಗೂ ಇದ ಜ್ವರ ಬಂದಿತ್ತೇನು?”

ಸಾತವ್ವನಿಗೆ ಒಂದು ಕ್ಷಣ ಪರಸಪ್ಪನ ಮಾತು ಕಿವಿಯಲ್ಲಿ ಕೇಳಿಸಿತು. ಆದರೂ ಹೌದು ಎಂದಳು. ಯಾರ ಕೈಯಿಂದ ಎಂದು ಹುಡುಗಿ ಕೇಳಿತು. ಆಯಿಯ ಕೈಯಿಂದ, ಆಯಿಗೆ ತಿಳಿದಿರಲಿಲ್ಲ ಎಂದಳು. ಸಾವಿತ್ರಿ ಒಲೆಗೆ ಕಟ್ಟಿಗೆ ತಳ್ಳಿತು. ತಾನು ಕಂಡಿರದ ತಾಯಿಗಾಗಿ ಅಳಲಿಲ್ಲ, ಅಳು ಬಂದದ್ದು ಆಯಿಗಾಗಿ.

“ಆಯಿಗೆ ಆಮ್ಯಾಲೆ ಗೊತ್ತಾತೇನು?”

“ಗೊತ್ತಾತು.”

“ಯಾರು ಹೇಳಿದ್ರು?”

“ನಾನ,” ಎಂದಳು ಸಾತವ್ವ. “ಲಗೂ ಹೇಳಬೇಕಾಗಿತ್ತು. ತಡಾ ಮಾಡಿ ಹೇಳಿದ್ನಿ.” ಆ ತಡದಲ್ಲಿ ಏನೇನಾಯಿತೆಂಬುದನ್ನೂ ಒಂದನ್ನೂ ಬಿಡದೆ ಹೇಳಿದಳು. ಯಲ್ಲವ್ವನ ಹೆಸರು ಹೇಳಿದಳು, ಪರಸಪ್ಪನ ಹೆಂಡತಿಯನ್ನು ಹೇಳಿದಳು.

ಹುಡುಗಿ ಎದ್ದು ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತಿತು. ಸಾತವ್ವ ರೊಟ್ಟಿ ಬಡಿದು, ಪಲ್ಯ ಹಾಕಿ, ತಾಟನ್ನು ಅದರ ಬಾಜೂ ಇಟ್ಟು ಬಂದಳು. ಬಾಗಿಲ ಒಳಗೆ ಕುಳಿತು ಕಾದಳು. ಹುಡುಗಿ ತಾಟಿನ ಕಡೆ ಕೈ ಚಾಚಲಿಲ್ಲ, ಎದ್ದು ಎಲ್ಲಿಗೂ ಹೋಗಲೂ ಇಲ್ಲ.